ಬೇಕರಿಯಲ್ಲಿ ತಿಂದ ಖಾರ ಬನ್ ಮನೆಯ ಓಟಿಜಿಯಲ್ಲಿ

ನನ್ನ ಮೊದಲ ಖಾರ ಬನ್ ನೋಡಿ ಅಮ್ಮ ಕೇಳಿದ್ದು ಒಂದೇ ಮಾತು. "ಇದನ್ನ ಕಚ್ಚಿ ತಿನ್ನೋದೋ, ಕುಟ್ಟಿ ತಿನ್ನೋದೋ?"

ಬನ್ ನಿಜಕ್ಕೂ ಕಲ್ಲಾಗಿತ್ತು. ಅಳತೆ ಎಲ್ಲ ಸರಿಯಾಗೇ ಹಾಕಿದ್ದೆ ಅಂದುಕೊಂಡಿದ್ದೆ. ಎಡವಿದ್ದು ಅಡುಗೆಮನೆಗೆ ಕಾಲಿಡುವ ಮುಂಚೆಯೇ ಅಂತ ಆಮೇಲೆ ಗೊತ್ತಾಯಿತು. ಸ್ಕೂಲಿನ ದಿನಗಳಿಂದ ಬೇಕರಿ ಮುಂದೆ ನಿಂತು ಲೆಕ್ಕವಿಲ್ಲದಷ್ಟು ಖಾರ ಬನ್ ತಿಂದಿದ್ದೇನೆ. ಒಂದನ್ನೂ ಸರಿಯಾಗಿ ನೋಡಿರಲಿಲ್ಲ. ಒಳಗೆ ಈರುಳ್ಳಿ ಎಷ್ಟಿರುತ್ತದೆ, ತಳ ಯಾವ ಬಣ್ಣ, ಸಿಹಿ ಇದೆಯಾ ಇಲ್ವಾ ಅಂತ ಯಾರಾದರೂ ಕೇಳಿದ್ದರೆ ತಲೆ ಕೆರೆದುಕೊಳ್ಳುತ್ತಿದ್ದೆ. ಯಾವ ರುಚಿಗೆ ತಲುಪಬೇಕು ಅಂತಲೇ ಗೊತ್ತಿಲ್ಲದೆ ಹಿಟ್ಟು ಕಲಸಲು ಕೂತಿದ್ದೆ.

ಹಾಗಾಗಿ ಈ ಬರಹ ಶುರುವಾಗುವುದು ತಿನ್ನುವುದರಿಂದ. ಆತುರ ಇದ್ದವರು ನೇರವಾಗಿ ಹಿಟ್ಟಿನ ಭಾಗಕ್ಕೆ ಹೋಗಬಹುದು. ಏನು ಸಿಗುತ್ತದೆ ಅಂತ ಮೇಲೆ ಹೇಳಿದ್ದೇನಲ್ಲ.

ಹಂತ 1: ಹೊತ್ತು ನೋಡಿ ಹೋಗಿ, ಎರಡು ಕೊಳ್ಳಿ

ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಬೇರು ಹಾಸನ ಜಿಲ್ಲೆಯ ಹಳ್ಳಿಗಳಲ್ಲಿದೆ. ಅಲ್ಲಿಂದ ಬಂದ ಹೆಚ್.ಎಸ್. ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ ತೆರೆದರು. ಜನರ ಬಾಯಲ್ಲಿ ಅದು ಬಿ.ಬಿ. ಬೇಕರಿ. ಬ್ರೆಡ್ಡು ಬಿಸ್ಕತ್ತು ಅಂದರೆ ದೊರೆಗಳ ತಿಂಡಿ ಅನ್ನುವ ಕಾಲದಲ್ಲಿ, ಮೊಟ್ಟೆ ಹಾಕದೆ, ನಮ್ಮ ಹಸಿಮೆಣಸಿನಕಾಯಿ ಕರಿಬೇವನ್ನು ಬನ್ನಿನೊಳಗೆ ಸೇರಿಸಿದ ಕೈಗಳಿವು. ಈಗ ರಸ್ತೆಗೊಂದು ಅಯ್ಯಂಗಾರ್ ಬೇಕರಿ ಇದೆ. ಎಲ್ಲವೂ ಒಂದೇ ಥರ ಇಲ್ಲ. ಕೆಲವು ಕಡೆ ಕೇಕಿಗೆ ಮೊಟ್ಟೆಯೂ ಬಂದಿದೆ, ತಿನ್ನದವರು ಕೇಳಿಯೇ ಕೊಳ್ಳಿ.

ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಗಾಜಿನ ಬೀರುವಿನಲ್ಲಿ ಕೂತಿರುವುದು ನಿನ್ನೆಯ ಬನ್ ಆಗಿರಬಹುದು. ನಾನು ಸುಮ್ನೆ ಕೇಳಿಬಿಡುತ್ತೇನೆ. "ಖಾರ ಬನ್ ಬಿಸಿ ಎಷ್ಟೊತ್ತಿಗೆ ಬರುತ್ತೆ ಅಣ್ಣ?" ನಮ್ಮ ಬೀದಿಯ ಬೇಕರಿಯಲ್ಲಿ "ನಾಲ್ಕಕ್ಕೆ ಬನ್ನಿ ಅಕ್ಕ" ಅಂತಾರೆ. ನಾಲ್ಕೂ ಹತ್ತಕ್ಕೆ ಹೋದರೆ ಟ್ರೇ ಇನ್ನೂ ಬೆಚ್ಚಗಿರುತ್ತದೆ.

ಎರಡು ಕೊಳ್ಳಿ. ಒಂದು ಅಲ್ಲೇ ಕಾಫಿ ಜೊತೆ. ಇನ್ನೊಂದು ಮನೆಗೆ, ತೂಕ ಮಾಡಲು, ಮುರಿದು ನೋಡಲು. ನೋಡಿ ಆದಮೇಲೆ ಅದನ್ನೂ ತಿನ್ನಿ, ಮತ್ತೇನು.

ಹಂತ 2: ತಿರುಗಿಸಿ ನೋಡಿ

ಬಾಯಿಗಿಡುವ ಮುಂಚೆ ತಳ ನೋಡಿ. ತಿಳಿ ಕಂದು ಇದ್ದರೆ ಚೆನ್ನಾಗಿ ಬೆಂದಿದೆ. ಬಿಳಿಚಿಕೊಂಡಿದ್ದರೆ ಅರೆಬೆಂದದ್ದು. ಕಪ್ಪು ಚುಕ್ಕೆ ಇದ್ದರೆ ಒಲೆಯ ತಳ ಜಾಸ್ತಿ ಕಾದಿತ್ತು. ಆಮೇಲೆ ಪಕ್ಕ ನೋಡಿ. ಒಂದಕ್ಕೊಂದು ಅಂಟಿಕೊಂಡು ಬೆಂದ ಬನ್ನಿನ ಪಕ್ಕ ಬಿಳಿಯಾಗಿ, ನಾರುನಾರಾಗಿ ಇರುತ್ತದೆ. ಬಿಡಿಯಾಗಿ ಬೆಂದದ್ದಕ್ಕೆ ಸುತ್ತಲೂ ಕಂದು ಸಿಪ್ಪೆ. ಮೆತ್ತಗಿರುವುದು ಬೇಕಿದ್ದರೆ ಟ್ರೇಯಲ್ಲಿ ಹತ್ತಿರ ಹತ್ತಿರ ಇಡಬೇಕು ಅನ್ನುವುದು ನನಗೆ ತಿಳಿದದ್ದು ಹೀಗೆ ನೋಡಿಯೇ.

ಈಗ ಮುರಿಯಿರಿ, ಕೊಯ್ಯಬೇಡಿ. ಮುರಿದಾಗ ಎಳೆ ಎಳೆಯಾಗಿ ಬಿಟ್ಟುಕೊಂಡರೆ ಹಿಟ್ಟನ್ನು ಚೆನ್ನಾಗಿ ನಾದಿದ್ದಾರೆ. ಪುಡಿಪುಡಿ ಉದುರಿದರೆ ನಾದಿದ್ದು ಸಾಲದು, ಇಲ್ಲಾ ಬನ್ ಹಳೆಯದು. ಈರುಳ್ಳಿ ಕೆಂಪಾಗಿದೆಯಾ, ಪಾರದರ್ಶಕವಾಗಿದೆಯಾ, ಹಸಿಯಾಗಿದೆಯಾ? ಸಬ್ಬಸಿಗೆ ಇದೆಯಾ? ನನ್ನ ಮಟ್ಟಿಗೆ ಸಬ್ಬಸಿಗೆ ಇಲ್ಲದ ಖಾರ ಬನ್ ಅರ್ಧ ಖಾರ ಬನ್. ಇದಕ್ಕೆ ಮನೆಯಲ್ಲೇ ಒಪ್ಪದವರಿದ್ದಾರೆ.

ಮೊದಲ ತುತ್ತನ್ನು ಕಾಫಿ ಕುಡಿಯುವ ಮುಂಚೆ ತಿನ್ನಿ. ನಿಧಾನವಾಗಿ ಅಗಿಯಿರಿ. ಮೊದಲು ನಾಲಿಗೆಗೆ ಸಿಗುವುದು ಸಿಹಿ. ಹೌದು, ಖಾರ ಬನ್ನಿನಲ್ಲಿ ಸಿಹಿ. ಅದರ ಹಿಂದೆ ಉಪ್ಪು, ಕೊನೆಗೆ ಗಂಟಲ ಹತ್ತಿರ ಮೆಣಸಿನಕಾಯಿ. ನನ್ನ ಮೊದಲ ಬನ್ನಿನಲ್ಲಿ ಸಕ್ಕರೆ ಒಂದೇ ಚಮಚ ಇತ್ತು. ಖಾರ ಬನ್ನಿಗೆ ಸಕ್ಕರೆ ಯಾಕೆ ಅಂತ ಜಾಣತನ ಮಾಡಿದ್ದೆ. ಬಣ್ಣವೂ ಬರಲಿಲ್ಲ, ರುಚಿಯೂ ಬರಲಿಲ್ಲ.

ಇದನ್ನೆಲ್ಲ ಅಲ್ಲೇ ಫೋನಿನಲ್ಲಿ ಬರೆದುಕೊಳ್ಳಿ. "ಸೂಪರ್" ಅಂತ ಬರೆದರೆ ಮನೆಗೆ ಬಂದಮೇಲೆ ಉಪಯೋಗಕ್ಕೆ ಬರುವುದಿಲ್ಲ. ನನ್ನ ಒಂದು ಟಿಪ್ಪಣಿ ಹೀಗಿದೆ: "68 ಗ್ರಾಂ. ತಳ ತಿಳಿ ಕಂದು. ಮೇಲೆ ಹೊಳಪು, ಕೈಗೆ ಜಿಡ್ಡು. ಈರುಳ್ಳಿ ಪಾರದರ್ಶಕ. ಸಬ್ಬಸಿಗೆ ಕಡಿಮೆ. ಸಿಹಿ ಗೊತ್ತಾಗುತ್ತೆ. ಶುಂಠಿ ಇಲ್ಲ." ಈ ಒಂದು ಸಾಲಿನಿಂದ ನಾಲ್ಕು ನಿರ್ಧಾರ ಸಿಗುತ್ತದೆ. ಬೇಯುವಾಗ ಬನ್ನಿನ ತೂಕದಲ್ಲಿ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ನೀರು ಆವಿಯಾಗಿ ಹೋಗುತ್ತದೆ. ಬೆಂದದ್ದು 68 ಗ್ರಾಂ ಅಂದರೆ ಹಸಿ ಉಂಡೆ 75 ಗ್ರಾಂ ಇರಬೇಕು.

ಬೇಕರಿಯವರನ್ನು ರೆಸಿಪಿ ಕೇಳಬೇಡಿ. ಕೇಳಿದರೆ ನಗುತ್ತಾರೆ, ಅಷ್ಟೇ. ಚಿಕ್ಕ ಪ್ರಶ್ನೆ ಕೇಳಿ. "ಈರುಳ್ಳಿ ಹಸೀದೇ ಹಾಕ್ತೀರಾ?" "ಮೇಲೆ ಹಚ್ಚೋದು ಹಾಲೋ ಎಣ್ಣೆಯೋ?" ಇಂಥದ್ದಕ್ಕೆ ಅಂಗಡಿಯಲ್ಲಿ ಜನ ಇಲ್ಲದ ಹೊತ್ತಿನಲ್ಲಿ ಧಾರಾಳವಾಗಿ ಉತ್ತರ ಸಿಗುತ್ತದೆ.

ಹಂತ 3: ಸಾಮಾನು

ಓಟಿಜಿ (ಕರೆಂಟಿನ ಸಣ್ಣ ಓವನ್) ಇಲ್ಲಾ ಕನ್ವೆಕ್ಷನ್ ಮೈಕ್ರೋವೇವ್ ಇದ್ದರೆ ಸಾಕು. ಕುಕ್ಕರಿನಲ್ಲೂ ಆಗುತ್ತದೆ, ಆದರೆ ತಳ ಕೆಂಪಗಾದರೂ ಮೇಲೆ ಬಿಳಿಯಾಗೇ ಉಳಿಯುತ್ತದೆ.

ದುಡ್ಡು ಹಾಕುವುದಿದ್ದರೆ ಮೊದಲು ಡಿಜಿಟಲ್ ತೂಕದ ಯಂತ್ರಕ್ಕೆ ಹಾಕಿ. ಕಪ್ಪಿನ ಅಳತೆ ನಂಬುವ ಹಾಗಿಲ್ಲ. ಒಂದೇ ಕಪ್ಪಿನಲ್ಲಿ ಮೈದಾ ಸಡಿಲವಾಗಿ ತುಂಬಿದರೆ 120 ಗ್ರಾಂ, ಅದುಮಿ ತುಂಬಿದರೆ 150. ನನ್ನ ಕಲ್ಲಿನ ಬನ್ನಿಗೆ ಅರ್ಧ ಕಾರಣ ಇದೇ. ಎರಡನೆಯದು ಓವನ್ನಿನ ಒಳಗೆ ಇಡುವ ಥರ್ಮಾಮೀಟರ್. ಓಟಿಜಿಯ ತಿರುಗಣೆ 190 ತೋರಿಸುತ್ತಿದ್ದರೆ ಒಳಗೆ 170 ಇರಬಹುದು, 215 ಇರಬಹುದು. ನನ್ನದು 20 ಡಿಗ್ರಿ ಸುಳ್ಳು ಹೇಳುತ್ತದೆ. ಗೊತ್ತಿದ್ದರೆ ಸುಳ್ಳಿನ ಜೊತೆಗೂ ಸಂಸಾರ ಮಾಡಬಹುದು.

12 ಬನ್ನಿಗೆ ಬೇಕಾದದ್ದು:

ಗಂಜಿಗೆ ಮೈದಾ 25 ಗ್ರಾಂ, ನೀರು 125 ಎಂ.ಎಲ್.

ಹಿಟ್ಟಿಗೆ ಮೈದಾ 375 ಗ್ರಾಂ, ಸಕ್ಕರೆ 30 ಗ್ರಾಂ, ಉಪ್ಪು 8 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ, ಹಾಲಿನ ಪುಡಿ 15 ಗ್ರಾಂ, ಉಗುರು ಬೆಚ್ಚಗಿನ ಹಾಲು 120 ಎಂ.ಎಲ್., ಮೆತ್ತಗಾದ ಬೆಣ್ಣೆ 40 ಗ್ರಾಂ. ಪಕ್ಕದಲ್ಲಿ ಇನ್ನೊಂದು 20 ಎಂ.ಎಲ್. ಹಾಲು ಇರಲಿ.

ಮಸಾಲೆಗೆ ಎರಡು ಸಾಧಾರಣ ಗಾತ್ರದ ಈರುಳ್ಳಿ, ಹಸಿಮೆಣಸಿನಕಾಯಿ ಐದಾರು, ಎರಡು ಎಸಳು ಕರಿಬೇವು, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಅರ್ಧ ಹಿಡಿ ಸಬ್ಬಸಿಗೆ, ಒಂದು ಚಮಚ ಜೀರಿಗೆ.

ಮೈದಾ ಕೊಳ್ಳುವಾಗ ಪ್ಯಾಕೆಟ್ಟಿನ ಹಿಂಭಾಗ ಓದಿ. 100 ಗ್ರಾಮಿಗೆ ಪ್ರೋಟೀನ್ 10 ಗ್ರಾಮಿಗಿಂತ ಜಾಸ್ತಿ ಇರುವುದು ಬನ್ನಿಗೆ ಒಳ್ಳೆಯದು. ಬಹಳಷ್ಟು ಬೇಕರಿಗಳಲ್ಲಿ ಬೆಣ್ಣೆ ಬದಲು ವನಸ್ಪತಿ ಇಲ್ಲಾ ಮಾರ್ಗರಿನ್ ಹಾಕುತ್ತಾರೆ. ಮನೆಯಲ್ಲಿ ಬೆಣ್ಣೆ ಹಾಕಿದರೆ ಬೇಕರಿ ವಾಸನೆ ಒಂದು ಚೂರು ಕಡಿಮೆ ಅನಿಸಬಹುದು. ಅದಕ್ಕೇನೂ ಬೇಜಾರಿಲ್ಲ.

ಯೀಸ್ಟ್ ಬಗ್ಗೆ ಒಂದು ಮಾತು. ನನ್ನ ಎರಡನೇ ಪ್ರಯತ್ನ ಪೂರ್ತಿ ಹಾಳಾಗಿದ್ದು ಹಳೇ ಯೀಸ್ಟಿನಿಂದ. ಅಂಗಡಿಯವರು ಕೊಟ್ಟ ಪ್ಯಾಕೆಟ್ಟಿನ ತಾರೀಖು ಮುಗಿದು ನಾಲ್ಕು ತಿಂಗಳಾಗಿತ್ತು, ನಾನೂ ನೋಡಿರಲಿಲ್ಲ. ಅನುಮಾನ ಇದ್ದರೆ ಬೆಚ್ಚಗಿನ ಹಾಲಿಗೆ ಚಿಟಿಕೆ ಸಕ್ಕರೆ, ಯೀಸ್ಟ್ ಹಾಕಿ 10 ನಿಮಿಷ ಬಿಡಿ. ನೊರೆ ಬಂದರೆ ಜೀವ ಇದೆ. ಬರದಿದ್ದರೆ ಚೆಲ್ಲಿ, ಮೈದಾ ಬೆಣ್ಣೆ ಉಳಿಯುತ್ತದೆ. ಒಡೆದ ಪ್ಯಾಕೆಟ್ಟನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರಿನಲ್ಲಿಡಿ.

ಹಂತ 4: ಮೈದಾ ಗಂಜಿ

ಬೇಕರಿಯ ಬನ್ ಮಾರನೇ ದಿನವೂ ಮೆತ್ತಗಿರಲು ದೊಡ್ಡ ಯಂತ್ರದ ನಾದುವಿಕೆ ಇದೆ, ಕೆಲವು ಕಡೆ ಇಂಪ್ರೂವರ್ ಪುಡಿಯೂ ಇದೆ. ನಮ್ಮ ಹತ್ತಿರ ಎರಡೂ ಇಲ್ಲ. ಇರುವುದು ಗಂಜಿ.

25 ಗ್ರಾಂ ಮೈದಾವನ್ನು 125 ಎಂ.ಎಲ್. ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಇರಿ. ಎರಡು ಮೂರು ನಿಮಿಷಕ್ಕೆ ರಾಗಿ ಸರಿಯ ಹದಕ್ಕೆ ಬರುತ್ತದೆ. ಚಮಚ ಎಳೆದಾಗ ಪಾತ್ರೆಯ ತಳದಲ್ಲಿ ಗೆರೆ ಕಾಣಿಸಿದರೆ ಇಳಿಸಿ. ಕುದಿಯಬೇಕಿಲ್ಲ, 65 ಡಿಗ್ರಿ ಸಾಕು. ಬೆಂದ ಹಿಟ್ಟು ಹಸಿ ಹಿಟ್ಟಿಗಿಂತ ಎಷ್ಟೋ ಜಾಸ್ತಿ ನೀರು ಹಿಡಿದುಕೊಳ್ಳುತ್ತದೆ. ಆ ನೀರು ಬನ್ನಿನೊಳಗೇ ಉಳಿಯುತ್ತದೆ, ಬನ್ ಬೇಗ ಒಣಗುವುದಿಲ್ಲ. ಗಂಜಿ ಪೂರ್ತಿ ಆರಲಿ. ಬಿಸಿಯಾಗಿದ್ದಾಗಲೇ ಸುರಿದರೆ ಯೀಸ್ಟ್ ಸತ್ತುಹೋಗುತ್ತದೆ.

ಹಂತ 5: ನಾದುವುದು

ಚಪಾತಿ ಕೈ ಇಲ್ಲಿ ಸ್ವಲ್ಪ ಅಡ್ಡ ಬರುತ್ತದೆ. ನಾವು ಚಪಾತಿ ಹಿಟ್ಟು ಕೈಗೆ ಅಂಟದ ಹಾಗೆ ಕಲಸುತ್ತೇವೆ. ಬನ್ನಿನ ಹಿಟ್ಟು ಮೊದಲು ಅಂಟಬೇಕು.

ಒಣ ಸಾಮಾನು ಬೆರೆಸಿ, ಗಂಜಿ ಹಾಲು ಹಾಕಿ ಒಟ್ಟು ಮಾಡಿ, 15 ನಿಮಿಷ ಮುಚ್ಚಿಡಿ. ಈ ಸುಮ್ಮನಿರುವ ಹೊತ್ತಿನಲ್ಲಿ ಮೈದಾ ನೀರು ಕುಡಿಯುತ್ತದೆ, ಆಮೇಲಿನ ಕೆಲಸ ಅರ್ಧವಾಗುತ್ತದೆ. ಹಿಟ್ಟು ಗಟ್ಟಿ ಅನಿಸಿದರೆ ಪಕ್ಕಕ್ಕಿಟ್ಟ ಹಾಲನ್ನು ಚಮಚ ಚಮಚವಾಗಿ ಸೇರಿಸಿ. ಒಣ ಮೈದಾ ಮಾತ್ರ ಉದುರಿಸಬೇಡಿ. ಅಂಟುತ್ತೆ ಅಂತ ಭಯಪಟ್ಟು ಹಿಡಿ ಹಿಡಿ ಮೈದಾ ಉದುರಿಸಿದ್ದು ನನ್ನ ಕಲ್ಲಿನ ಬನ್ನಿನ ಇನ್ನರ್ಧ ಕಾರಣ.

ಈಗ ಕಟ್ಟೆಯ ಮೇಲೆ ಹಾಕಿ, ಅಂಗೈಯ ಬುಡದಿಂದ ಮುಂದಕ್ಕೆ ತಳ್ಳಿ, ಮಡಚಿ, ತಿರುಗಿಸಿ, ಮತ್ತೆ ತಳ್ಳಿ. ಐದು ನಿಮಿಷವಾದಮೇಲೆ ಬೆಣ್ಣೆಯನ್ನು ಎರಡು ಮೂರು ಸಲ ಸೇರಿಸಿ. ಬೆಣ್ಣೆ ಬಿದ್ದ ಕೂಡಲೇ ಎಲ್ಲಾ ಕೆಟ್ಟುಹೋಯಿತು ಅನಿಸುವಷ್ಟು ಜಾರುತ್ತದೆ. ಬಿಡದೆ ನಾದಿ, ಮತ್ತೆ ಕೂಡಿಕೊಳ್ಳುತ್ತದೆ. ಒಟ್ಟು 12ರಿಂದ 15 ನಿಮಿಷ. ನಿಂಬೆ ಗಾತ್ರದ ಉಂಡೆ ತೆಗೆದು ನಾಲ್ಕೂ ಕಡೆ ಮೆಲ್ಲಗೆ ಎಳೆಯಿರಿ. ಹರಿಯದೆ, ಆಚೆಗಿನ ಬೆರಳಿನ ನೆರಳು ಕಾಣುವಷ್ಟು ತೆಳ್ಳಗಾದರೆ ಹದ ಬಂತು. ಕೈ ನೋಯುತ್ತದೆ. ಬೇಕರಿಯಲ್ಲಿ ಬನ್ನಿಗೆ ಕೊಡುವ ದುಡ್ಡು ಕಡಿಮೆ ಅಂತ ಅನಿಸುವುದು ಈ ಹೊತ್ತಿನಲ್ಲೇ.

ಹಂತ 6: ಮೊದಲ ಉಬ್ಬು

ಎಣ್ಣೆ ಸವರಿದ ಪಾತ್ರೆಯಲ್ಲಿಟ್ಟು ಮುಚ್ಚಿ. ಇಡ್ಲಿ ಹಿಟ್ಟು ಹುದುಗಿಸುವ ಮನೆಯವರಿಗೆ ಇದನ್ನು ಜಾಸ್ತಿ ಹೇಳಬೇಕಿಲ್ಲ, ಅಲ್ವಾ? ಗಡಿಯಾರ ನೋಡಬೇಡಿ, ಹಿಟ್ಟು ನೋಡಿ. ಎರಡು ಪಟ್ಟು ಆಗಬೇಕು. ಮಂಗಳೂರಿನ ಮೇ ತಿಂಗಳಲ್ಲಿ 40 ನಿಮಿಷಕ್ಕೇ ಆಗಿಬಿಡಬಹುದು. ಬೆಂಗಳೂರಿನ ಡಿಸೆಂಬರಿನಲ್ಲಿ ಎರಡು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಚಳಿಯಲ್ಲಿ ಆರಿಸಿದ ಓವನ್ನಿನೊಳಗೆ ಬಿಸಿನೀರಿನ ಲೋಟ ಇಟ್ಟು, ಪಕ್ಕದಲ್ಲಿ ಪಾತ್ರೆ ಇಡಿ. ಆಮೇಲೆ ಒಳಗೆ ಹಿಟ್ಟಿದೆ ಅನ್ನುವುದನ್ನು ಮರೆತು ಸ್ವಿಚ್ ಹಾಕಬೇಡಿ. ನಾನು ಹಾಕಿದ್ದೇನೆ.

ಹಂತ 7: ಈರುಳ್ಳಿಯ ನೀರು

ಈ ಬನ್ನಿನಲ್ಲಿ ಕೈಕೊಡುವುದು ಈರುಳ್ಳಿ. ಉಪ್ಪು ತಾಗಿದರೆ ನೀರು ಬಿಡುತ್ತದೆ. ಕಲಸುವಾಗಲೇ ಈರುಳ್ಳಿ ಹಾಕಿ ಒಂದು ಗಂಟೆ ಇಟ್ಟರೆ ಹಿಟ್ಟು ಬೋಂಡಾ ಹಿಟ್ಟಿನ ಹಾಗೆ ಕೈಗೆ ಮೆತ್ತಿಕೊಳ್ಳುತ್ತದೆ. ಬೆಂದಮೇಲೂ ಈರುಳ್ಳಿಯ ಸುತ್ತ ಹಸಿಹಸಿ ಅಂಟು ಉಳಿಯುತ್ತದೆ.

ಅದಕ್ಕೇ ಮೊದಲ ಉಬ್ಬು ಆದಮೇಲೆ ಹಾಕಿ. ಹಿಟ್ಟು ಉಬ್ಬಲು ಇಟ್ಟಾಗಲೇ ಈರುಳ್ಳಿ ಸಣ್ಣಗೆ ಹೆಚ್ಚಿ, ಎರಡು ಚಿಟಿಕೆ ಉಪ್ಪು ಬೆರೆಸಿಡಿ. ಹಾಕುವ ಹೊತ್ತಿಗೆ ಮುಷ್ಟಿಯಲ್ಲಿ ಮೆಲ್ಲಗೆ ಹಿಂಡಿ. ಆ ನೀರನ್ನು ಚೆಲ್ಲಬೇಡಿ, ರಾತ್ರಿಯ ಸಾರಿಗೆ ಆಗುತ್ತದೆ. ಇನ್ನೂ ಸುರಕ್ಷಿತ ದಾರಿ ಬೇಕೆಂದರೆ ಒಂದು ಚಮಚ ಎಣ್ಣೆಯಲ್ಲಿ ಜೀರಿಗೆ, ಮೆಣಸಿನಕಾಯಿ, ಕರಿಬೇವು, ಈರುಳ್ಳಿಯನ್ನು ಎರಡೇ ನಿಮಿಷ ಬಾಡಿಸಿ, ಪೂರ್ತಿ ಆರಿಸಿ. ಕೆಂಪಗೆ ಹುರಿದರೆ ಅದು ಆಲೂಗಡ್ಡೆ ಪಲ್ಯದ ದಾರಿ ಹಿಡಿಯುತ್ತದೆ. ಸೊಪ್ಪುಗಳನ್ನು ಯಾವಾಗಲೂ ಹಸಿಯಾಗಿಯೇ ಹಾಕಿ, ತೊಳೆದು ಬಟ್ಟೆಯ ಮೇಲೆ ಒಣಗಿಸಿ.

ಉಬ್ಬಿದ ಹಿಟ್ಟನ್ನು ದೊಡ್ಡ ರೊಟ್ಟಿಯ ಹಾಗೆ ಕೈಯಿಂದ ತಟ್ಟಿ. ಮೇಲೆಲ್ಲ ಮಸಾಲೆ ಹರಡಿ, ಸುರುಳಿ ಸುತ್ತಿ, ಸುರುಳಿಯನ್ನು ಮಡಚಿ ನಾಲ್ಕೈದು ಸಲ ಅದುಮಿ. ಅಲ್ಲಲ್ಲಿ ಈರುಳ್ಳಿ ಹೊರಗೆ ಇಣುಕುತ್ತದೆ, ಇಣುಕಲಿ. ಬೆಂದಾಗ ಆ ತುದಿಗಳೇ ಕರಿದಂತಾಗಿ ರುಚಿ ಕೊಡುತ್ತವೆ.

ಹಂತ 8: ಉಂಡೆ, ಎರಡನೇ ಉಬ್ಬು

75 ಗ್ರಾಮಿನ ತುಂಡುಗಳಾಗಿ ತೂಗಿ. ಅಂಚುಗಳನ್ನು ಕೆಳಗೆ ಮಡಚಿ, ಬೊಗಸೆಯಲ್ಲಿ ಮುಚ್ಚಿ, ಕಟ್ಟೆಗೆ ಒತ್ತಿ ತಿರುಗಿಸಿ. ಮೇಲ್ಮೈ ಬಿಗಿಯಾಗಿ ನಯವಾಗಬೇಕು. ಸಡಿಲ ಉಂಡೆ ಮೇಲಕ್ಕೆ ಏಳುವ ಬದಲು ಅಡ್ಡಕ್ಕೆ ಹರಡುತ್ತದೆ.

ಎಣ್ಣೆ ಸವರಿದ ಟ್ರೇಯಲ್ಲಿ ಎರಡು ಬೆರಳಿನ ಅಂತರ ಬಿಟ್ಟು ಜೋಡಿಸಿ, ಒದ್ದೆ ಬಟ್ಟೆ ಮುಚ್ಚಿ. 35ರಿಂದ 50 ನಿಮಿಷಕ್ಕೆ ಒಂದಕ್ಕೊಂದು ತಾಗಿಕೊಳ್ಳುತ್ತವೆ. ಬೆರಳಿನಿಂದ ಮೆತ್ತಗೆ ಒತ್ತಿ ನೋಡಿ. ಗುಳಿ ತಟ್ಟನೆ ಮೇಲೆದ್ದರೆ ಇನ್ನೂ ಹೊತ್ತು ಬೇಕು. ನಿಧಾನವಾಗಿ ಅರ್ಧ ಮೇಲೆದ್ದರೆ ಒಲೆಗೆ ಹೋಗಬಹುದು. ಏಳದೆ ಹಾಗೇ ಉಳಿದರೆ ಹೊತ್ತು ಮೀರಿದೆ, ಓಡಿ.

ಹಂತ 9: ಬೇಯಿಸುವುದು

ಎರಡನೇ ಉಬ್ಬು ಮುಗಿಯುವ 15 ನಿಮಿಷ ಮುಂಚೆಯೇ ಓವನ್ ಹಚ್ಚಿ, ಥರ್ಮಾಮೀಟರಿನಲ್ಲಿ 190 ಡಿಗ್ರಿ ಬರಲಿ. ಓಟಿಜಿಯಲ್ಲಿ ಮೇಲಿನ ಕೆಳಗಿನ ಎರಡೂ ರಾಡ್, ನಡುವಿನ ಕಂಬಿ. ಫ್ಯಾನ್ ಇರುವ ಕನ್ವೆಕ್ಷನ್ನಿನಲ್ಲಿ 180 ಸಾಕು. ಬನ್ನಿನ ಮೇಲೆ ಹಾಲು ಹಚ್ಚಿ, ಒಳಗಿಡಿ. 18ರಿಂದ 20 ನಿಮಿಷ. ಹನ್ನೆರಡನೇ ನಿಮಿಷಕ್ಕೆ ಟ್ರೇಯನ್ನು ಹಿಂದುಮುಂದು ಮಾಡಿ, ಯಾಕೆಂದರೆ ಸಣ್ಣ ಓವನ್ನುಗಳಲ್ಲಿ ಹಿಂಭಾಗ ಬೇಗ ಕೆಂಪಗಾಗುತ್ತದೆ. ಅದಕ್ಕೂ ಮುಂಚೆ ಬಾಗಿಲು ತೆರೆಯಬೇಡಿ.

ಹೊರಗೆ ತೆಗೆದ ತಕ್ಷಣ ಬೆಣ್ಣೆ ಹಚ್ಚಿ. ಟಿಪ್ಪಣಿಯಲ್ಲಿ ಬರೆದಿದ್ದ "ಮೇಲೆ ಹೊಳಪು, ಕೈಗೆ ಜಿಡ್ಡು" ಬರುವುದು ಇದರಿಂದ. ಐದು ನಿಮಿಷದಲ್ಲಿ ಟ್ರೇಯಿಂದ ಎತ್ತಿ ತಂತಿಯ ಜಾಲರಿಗೆ ಹಾಕಿ, ಇಲ್ಲದಿದ್ದರೆ ತಳ ಬೆವರುತ್ತದೆ. ಬಿಸಿಬಿಸಿಯಾಗಿ ಮುರಿದರೆ ಒಳಗೆ ಅಂಟಂಟು ಅನಿಸುತ್ತದೆ. ಅದು ಬೆಂದಿಲ್ಲ ಅಂತಲ್ಲ, ಹಬೆ ಇನ್ನೂ ಹೊರಗೆ ಹೋಗಿಲ್ಲ. 20 ನಿಮಿಷ ಕಾಯಿರಿ. ನಮ್ಮ ಮನೆಯಲ್ಲಿ ಯಾರೂ ಕಾಯುವುದಿಲ್ಲ.

ಹಂತ 10: ಪಕ್ಕಪಕ್ಕ ಇಟ್ಟು ತಿನ್ನಿ

ಮನೆಯ ಬನ್ ಮತ್ತು ಅದೇ ಸಂಜೆ ತಂದ ಬೇಕರಿ ಬನ್ ಎರಡನ್ನೂ ಒಂದೇ ತಟ್ಟೆಯಲ್ಲಿಡಿ. ಹಳೇ ಟಿಪ್ಪಣಿ ತೆಗೆದು ಒಂದೊಂದಾಗಿ ಹೋಲಿಸಿ. ಮೇಲೆ ಸುಕ್ಕು ಬಿದ್ದು ಹುಳಿ ವಾಸನೆ ಬಂದರೆ ಉಬ್ಬಲು ಜಾಸ್ತಿ ಹೊತ್ತು ಬಿಟ್ಟಿದ್ದೀರಿ. ಭಾರವಾಗಿ, ಒಳಗೆ ಒತ್ತೊತ್ತಾಗಿದ್ದರೆ ಸಾಲದಷ್ಟು ಬಿಟ್ಟಿದ್ದೀರಿ. ಸಪ್ಪೆ ಅನಿಸಿದರೆ ಮೆಣಸಿನಕಾಯಿ ಹೆಚ್ಚಿಸುವ ಮುಂಚೆ ಉಪ್ಪನ್ನು ತೂಗಿ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಸಕ್ಕರೆ, ಹೊತ್ತು, ಬಿಸಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದೇ ಇಲ್ಲ.

ಇದೇ ಹಿಟ್ಟಿನಲ್ಲಿ ಮಸಾಲೆ ಬಿಟ್ಟು, ಸಕ್ಕರೆ 50 ಗ್ರಾಂ ಮಾಡಿದರೆ ಸಿಹಿ ಬನ್ ಆಗುತ್ತದೆ. ಅದನ್ನು ಸೀಳಿ, ಧಾರಾಳವಾಗಿ ಬೆಣ್ಣೆ ಸವರಿ, ಕಾಂಗ್ರೆಸ್ ಕಡ್ಲೆಕಾಯಿ, ಅಂದರೆ ಮಸಾಲೆ ಹಾಕಿ ಹುರಿದ ಕಡ್ಲೆಬೀಜ ತುಂಬಿದರೆ ಕಾಂಗ್ರೆಸ್ ಬನ್. ಇದನ್ನು ತಿಂದು ಕಲಿಯುವುದಿದ್ದರೆ ವಿ.ವಿ. ಪುರಂ ತಿಂಡಿ ಬೀದಿಯ ವಿ.ಬಿ. ಬೇಕರಿಗೆ ಹೋಗಿ. 1953ರ ಬೇಕರಿ, ಈ ಬನ್ನಿಗೇ ಹೆಸರು. ಮನೆಯಲ್ಲಿ ಕಡ್ಲೆಬೀಜ ಹುರಿದು, ಸಿಪ್ಪೆ ತೆಗೆದು ಬೇಳೆ ಮಾಡಿ, ಬಿಸಿ ಎಣ್ಣೆಗೆ ಕರಿಬೇವು, ಇಂಗು, ಅರಿಶಿನ, ಅಚ್ಚ ಖಾರದ ಪುಡಿ, ಕಾಳುಮೆಣಸಿನ ಪುಡಿ, ಉಪ್ಪು ಹಾಕಿ ಹೊರಳಿಸಿದರೆ ಆಯಿತು. ಬೆಣ್ಣೆಯಲ್ಲಿ ಮಾತ್ರ ಜಿಪುಣತನ ಬೇಡ.

ಉಳಿದ ಬನ್ನನ್ನು ಫ್ರಿಜ್ಜಿನಲ್ಲಿ ಇಡಬೇಡಿ, ಅಲ್ಲಿ ಇನ್ನೂ ಬೇಗ ಗಟ್ಟಿಯಾಗುತ್ತದೆ. ಈರುಳ್ಳಿ ಇರುವುದರಿಂದ ಹೊರಗೆ ಒಂದು ದಿನ ಸರಿ. ಜಾಸ್ತಿ ಇದ್ದರೆ ಆರಿದ ದಿನವೇ ಫ್ರೀಜರಿಗೆ ಹಾಕಿ, ಬೇಕಾದಾಗ ಸೀಳಿ, ತವಾದ ಮೇಲೆ ಬೆಣ್ಣೆ ಹಾಕಿ ಎರಡೂ ಕಡೆ ಕೆಂಪಗೆ ಸುಡಿ.

ಏಳನೇ ಸಲದ ಬನ್ ನನಗೇ ಹೆಮ್ಮೆ ಅನಿಸುವಷ್ಟು ಚೆನ್ನಾಗಿತ್ತು. ಎರಡನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ನಮ್ಮ ಬೀದಿಯ ಬೇಕರಿ ಅಣ್ಣನಿಗೆ ಕೊಟ್ಟೆ. ಅವರು ಮೂಸಿ ನೋಡಲಿಲ್ಲ, ಮುರಿಯಲೂ ಇಲ್ಲ. ಮೊದಲು ತಿರುಗಿಸಿ ತಳ ನೋಡಿದರು. "ರುಚಿ ಇರುತ್ತೆ ಬಿಡಿ ಅಕ್ಕ. ಕೆಳಗಿನ ರಾಡ್ ಜಾಸ್ತಿ ಆಗಿದೆ. ಟ್ರೇ ಅಡಿಗೆ ಇನ್ನೊಂದು ಟ್ರೇ ಇಡಿ" ಅಂದರು. ಆಮೇಲೆ ತಿಂದರು. ಈಗ ನಾನು ಎರಡು ಟ್ರೇ ಇಡುತ್ತೇನೆ.